ಯಾರು, ಯಾವಾಗ, ಏನು ತಿದ್ದಿದರು?

ಮಕ್ಕಳೇ, ನಿಮ್ಮ ಶಾಲೆಯ ಗೋಡೆ ಪತ್ರಿಕೆಗೆ ನಾಲ್ವರು ಸೇರಿ ಒಂದೇ ಲೇಖನ ಬರೆಯುತ್ತಿದ್ದೀರಿ ಎಂದುಕೊಳ್ಳಿ. ರಾತ್ರಿ ನೀವು ಒಂದು ಪ್ರತಿಯನ್ನು ಮನೆಯಲ್ಲಿ ತಿದ್ದಿದಿರಿ. ನಿಮ್ಮ ಗೆಳತಿ ಇನ್ನೊಂದು ಪ್ರತಿಯನ್ನು ಬೇರೆ ರೀತಿ ತಿದ್ದಿದಳು. ಬೆಳಿಗ್ಗೆ ಯಾವುದನ್ನು ಅಂಟಿಸುವುದು? ನಾಲ್ವರಿಗೇ ಇಷ್ಟು ಪೇಚಾಟವಾದರೆ, ಹಲವು ದೇಶಗಳ ಸಾವಿರಾರು ಜನ ಒಂದೇ ಬರಹವನ್ನು ತಿದ್ದುತ್ತಿದ್ದರೆ ಏನಾಗಬೇಡ?

ಅಂಥ ಬರಹ ನಿಜವಾಗಿಯೂ ಇದೆ. ಅದು ಲಿನಕ್ಸ್ ಎಂಬ ತಂತ್ರಾಂಶ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಇದನ್ನು 1991ರಲ್ಲಿ ಆರಂಭಿಸಿದರು. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರೊಳಗೆ ಇರುವುದೂ ಲಿನಕ್ಸೇ! ಇದು ಮುಕ್ತ ತಂತ್ರಾಂಶ. ಎಂದರೆ ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು.

ಮೊದಮೊದಲು ತಿದ್ದುಪಡಿಗಳು ಇ-ಮೇಲ್ ಮೂಲಕ ಬರುತ್ತಿದ್ದವು. ಕೊನೆಗೆ ಅವುಗಳನ್ನು ಸೇರಿಸಬೇಕಾದವರು ಲೀನಸ್. ಒಬ್ಬ ಮನುಷ್ಯ ಎಷ್ಟೆಂದು ಸೇರಿಸಿಯಾನು? 2002ರಲ್ಲಿ ಅವರು ಬಿಟ್‌ಕೀಪರ್ ಎಂಬ ಉಪಕರಣವನ್ನು ಆರಿಸಿಕೊಂಡರು. ಯಾರು, ಯಾವಾಗ, ಏನು ತಿದ್ದಿದರು ಎಂಬುದನ್ನೆಲ್ಲ ಅದು ನೆನಪಿಡುತ್ತಿತ್ತು. ಆದರೆ ಅದು ಒಂದು ಕಂಪನಿಯ ಸ್ವತ್ತು. ಷರತ್ತಿನ ಮೇಲೆ ಪುಕ್ಕಟೆಯಾಗಿ ಕೊಟ್ಟದ್ದು. 2005ರಲ್ಲಿ ವಿವಾದ ಎದ್ದು, ಪುಕ್ಕಟೆ ಬಳಕೆ ನಿಂತುಹೋಯಿತು. ಸಾವಿರಾರು ಜನರ ಕೆಲಸ ನಡುನೀರಿನಲ್ಲಿ!

ಬೇರೆ ಉಪಕರಣಗಳು ಇರಲಿಲ್ಲವೇ? ಇದ್ದವು. ಸಿವಿಎಸ್, ಸಬ್‌ವರ್ಷನ್ ಎಂಬವು ಆಗ ಹೆಸರುವಾಸಿ. ಅವುಗಳಲ್ಲಿ ಹಳೆಯ ತಿದ್ದುಪಡಿಗಳ ಪೂರ್ತಿ ದಾಖಲೆ ಒಂದೇ ಕಡೆ ಇರುತ್ತದೆ. ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ರಿಜಿಸ್ಟರಿನಂತೆ. ಬೀರುವಿಗೆ ಬೀಗ ಬಿದ್ದರೆ ಯಾರೂ ಬರೆಯುವಂತಿಲ್ಲ. ಲೀನಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರತಿಯೊಬ್ಬರ ಬಳಿಯೂ ಇಡೀ ರಿಜಿಸ್ಟರಿನ ನಕಲು ಇರಬೇಕು, ಕೆಲಸ ವೇಗವಾಗಿ ಆಗಬೇಕು ಎಂಬುದು ಅವರ ಹಟ. ಏಪ್ರಿಲ್ 3ರಂದು ತಾವೇ ಒಂದು ಉಪಕರಣ ಬರೆಯತೊಡಗಿದರು. 7ನೇ ತಾರೀಖಿಗೆ ಆ ಉಪಕರಣ ತನ್ನದೇ ತಿದ್ದುಪಡಿಗಳ ಲೆಕ್ಕ ಇಡುತ್ತಿತ್ತು! ಅದೇ ಗಿಟ್. ಅದೇ ವರ್ಷ ಅದರ ಹೊಣೆಯನ್ನು ಜುನಿಯೊ ಹಮಾನೊ ಎಂಬವರಿಗೆ ವಹಿಸಿದರು.

ಗಿಟ್‌ನಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಅದರ ಗುರುತು ಹಾಕುವ ರೀತಿ. ಪ್ರತಿ ತಿದ್ದುಪಡಿಗೂ ಅದು ಲೆಕ್ಕ ಹಾಕಿ 40 ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಆ ಲೆಕ್ಕದಲ್ಲಿ ಹಿಂದಿನ ತಿದ್ದುಪಡಿಯ ಗುರುತೂ ಸೇರಿರುತ್ತದೆ. ಹಾಗಾಗಿ ಹಳೆಯ ಬರಹದಲ್ಲಿ ಯಾರಾದರೂ ಗುಟ್ಟಾಗಿ ಒಂದು ಅಲ್ಪವಿರಾಮ ಬದಲಿಸಿದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ಕಳ್ಳತನ ಬಯಲು! ಹಾಗೆಂದು ಗಿಟ್ ಎಲ್ಲವನ್ನೂ ತಾನೇ ತೀರ್ಮಾನಿಸುವುದಿಲ್ಲ. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ, ಎರಡನ್ನೂ ಮುಂದಿಟ್ಟು 'ನೀವೇ ಆರಿಸಿ' ಎಂದು ನಿಂತುಬಿಡುತ್ತದೆ. ಇದು ಅದರ ದೌರ್ಬಲ್ಯವಲ್ಲ, ಜಾಣತನ ಎಂದೇ ನನಗನ್ನಿಸುತ್ತದೆ.

ಎಲ್ಲರೂ ಕೂಡಲೇ ಗಿಟ್ ಹಿಡಿಯಲಿಲ್ಲ. 2005ರಲ್ಲೇ ಹುಟ್ಟಿದ ಮರ್ಕ್ಯುರಿಯಲ್ ಕೂಡ ಇಂಥದೇ ಉಪಕರಣ. ಕಲಿಯುವವರಿಗೆ ಅದೇ ಸುಲಭ ಎಂದು ನಾನು ಈಗಲೂ ಹೇಳುತ್ತೇನೆ. ಗಿಟ್‌ನ ಆದೇಶಗಳು ಹೊಸಬರ ತಲೆ ತಿನ್ನುತ್ತವೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ತಂಡದವರು 2009ರಲ್ಲಿ ಮೂರು ಉಪಕರಣಗಳನ್ನು ಹೋಲಿಸಿ ನೋಡಿ ಮರ್ಕ್ಯುರಿಯಲ್ ಅನ್ನೇ ಆರಿಸಿದರು. ಆಮೇಲೆ ಗಿಟ್ ಬಲ್ಲವರೇ ಎಲ್ಲೆಡೆ ಹೆಚ್ಚಾದರು. 2017ರಲ್ಲಿ ಅವರೂ ಗಿಟ್‌ಗೆ ಬಂದರು. ಬರುವಾಗ ಹಳೆಯ ದಾಖಲೆಯನ್ನೂ ಹೊತ್ತು ತಂದರು. ಪೈಥಾನ್‌ಗಾಗಿ 1990ರಲ್ಲಿ ಬರೆದ ಸಾಲುಗಳನ್ನು ಇಂದಿಗೂ ಅದರಲ್ಲಿ ತೆರೆದು ಓದಬಹುದು.