ಕಂಠವನ್ನು ಕಾಪಾಡುವ ಬಗೆ



ಸ್ವರವಚನಗಳ ತಾಡವೋಲೆಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಅವುಗಳಲ್ಲಿ ರಾಗದ ಹೆಸರಿದೆ, ತಾಳದ ಹೆಸರಿದೆ, ನುಡಿಗಳೆಲ್ಲ ಇವೆ; ಆದರೆ ಅಂದಿನವರು ಹಾಡುತ್ತಿದ್ದ ಧಾಟಿ ಇಲ್ಲ. ಓಲೆಯು ಅಕ್ಷರವನ್ನು ಕಾಪಾಡಿತು, ಕಂಠವನ್ನು ಕಾಪಾಡಲಾರದೆ ಹೋಯಿತು. ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ಲಿಂಗೈಕ್ಯರಾದರೂ ಅವರು ಹಾಡಿದ ವಚನಗಳನ್ನು ನಾವಿಂದಿಗೂ ಕೇಳುತ್ತಿರುವುದು ಧ್ವನಿಮುದ್ರಣದ ಉಪಕಾರದಿಂದ. ಮನೆಯ ಜಗುಲಿಯ ಮೇಲೆ, ಮಠದ ಭಜನೆಯಲ್ಲಿ ಹಾಡುವ ನಮ್ಮ ಹಿರಿಯರ ದನಿಯನ್ನು ಉಳಿಸಬೇಕಾದವರು ಯಾರು? ನಾವೇ ಅಲ್ಲವೇ?

ಈ ಮಾತನ್ನು ಬರೆಯುವುದಕ್ಕೆ ನಮ್ಮದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಸಂಡೂರಿನಲ್ಲಿ ವೃದ್ಧ ಭಕ್ತೆಯೊಬ್ಬರ ಹಾಡುಗಳನ್ನು ಮುದ್ರಿಸಿಕೊಳ್ಳಲು ಅವರ ಮನೆಗೆ ಹೋಗಿದ್ದೆವು. ಪರೀಕ್ಷೆಗೆಂದು “ಒಂದು ನುಡಿ ಹಾಡಿರಿ, ತಾಯಿ” ಎಂದಾಗ ಅವರು ಸಂಕೋಚದಿಂದ ಮೆಲ್ಲಗೆ ಹಾಡಿದರು. ಆ ಮೆಲುದನಿಗೆ ತಕ್ಕಂತೆ ಪ್ರೀ-ಆಂಪ್ಲಿಫೈಯರಿನ ಗೇನ್ ಗುಂಡಿಯನ್ನು ಏರಿಸಿ ನಿಶ್ಚಿಂತರಾಗಿ ಕುಳಿತೆವು. ಎರಡನೆಯ ಹಾಡಿನ ವೇಳೆಗೆ ಅವರಿಗೆ ನಮ್ಮ ಇರವೇ ಮರೆತುಹೋಯಿತು, ತುಂಬುಗಂಠದಿಂದ ಹಾಡತೊಡಗಿದರು. ಮಠಕ್ಕೆ ಬಂದು ಕೇಳಿದರೆ, ಹಾಡು ಏರಿದಲ್ಲೆಲ್ಲ ದನಿ ಒಡೆದು ಕರಕರ ಎನ್ನುತ್ತಿತ್ತು. ಹಿಂದೆ ಫ್ಯಾನಿನ ಸದ್ದು, ಅದಿರು ಲಾರಿಗಳ ಮೊರೆತ. ಇನ್ನೊಮ್ಮೆ ಹೋದರಾಯಿತೆಂದುಕೊಂಡೆವು. ನಾವು ಹೋಗುವ ಮೊದಲೇ ಆ ತಾಯಿ ಲಿಂಗೈಕ್ಯರಾದರು. ಆಮೇಲೆ ಅವರ ಮಗ ಆ ಮುದ್ರಣವನ್ನು ಕೇಳಿ, “ನಮ್ಮವ್ವನ ದನಿ ಹಿಂಗಿರಲಿಲ್ಲ, ಬುದ್ಧೀ” ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ಬಲ್ಲವರನ್ನು ಕೇಳಿ, ಕೈಯಾರೆ ಮಾಡಿ ಕಲಿತದ್ದನ್ನು ತಮ್ಮ ಮುಂದಿಡುತ್ತೇವೆ. ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತವು ವೋಲ್ಟಿನ ಕೆಲವೇ ಸಹಸ್ರಾಂಶಗಳಷ್ಟು. ಪ್ರೀ-ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ; 60 ಡೆಸಿಬೆಲ್ ಎಂದರೆ ಸಾವಿರ ಪಟ್ಟು. ದನಿಯೊಡನೆ ಹೊಕ್ಕ ಬೇಡದ ಸದ್ದೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಆದುದರಿಂದ ಶುದ್ಧಿ ಮೊದಲಿನಲ್ಲಿಯೇ ಆಗಬೇಕು. ಕೊನೆಯಲ್ಲಿ ತೊಳೆಯುತ್ತೇವೆಂದರೆ ಸದ್ದಿನೊಡನೆ ದನಿಯೂ ಸವೆಯುತ್ತದೆ.

ಮೊದಲು ಹೊತ್ತನ್ನು ಆರಿಸಿರಿ. ರಸ್ತೆ ಶಾಂತವಾಗಿರುವ ಸಮಯ ಒಳ್ಳೆಯದು. ಫ್ಯಾನು, ಫ್ರಿಜ್ಜುಗಳನ್ನು ನಿಲ್ಲಿಸಿರಿ. ಬರಿಗೋಡೆ ದನಿಯನ್ನು ಮರಳಿ ಎಸೆಯುತ್ತದೆ; ಹಾಡುವವರ ಹಿಂದೆಯೂ ಪಕ್ಕದಲ್ಲಿಯೂ ದಪ್ಪ ಕೌದಿಗಳನ್ನು ತೂಗುಹಾಕಿರಿ, ಕೆಳಗೆ ಜಮಖಾನೆ ಹಾಸಿರಿ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಆಗ ಪಕಾರ ಭಕಾರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕಿಗೆ ಬಾಯಿ ತೀರ ಹತ್ತಿರವಾದರೆ ಮಂದ್ರಸ್ವರ ಅಸಹಜವಾಗಿ ಉಬ್ಬುತ್ತದೆ. ತೀರ ದೂರವಾದರೆ ಹಾಡಿಗಿಂತ ಕೋಣೆಯೇ ಹೆಚ್ಚು ಕೇಳಿಸುತ್ತದೆ. ಕಂಡೆನ್ಸರ್ ಮೈಕಾದರೆ ಪ್ರೀ-ಆಂಪ್ಲಿಫೈಯರಿನ 48 ವೋಲ್ಟಿನ ಸ್ವಿಚ್ಚನ್ನು ಒತ್ತಬೇಕು. ಸಾಮಾನ್ಯ ಡೈನಮಿಕ್ ಮೈಕಿಗೆ ಅದು ಬೇಡ, ಆದರೆ ಗೇನ್ ಹೆಚ್ಚು ಬೇಕು. ಮೈಕಿನ ತಂತಿಯನ್ನು ಕರೆಂಟಿನ ತಂತಿಯ ಜೊತೆಗೆ ಎಳೆಯಬೇಡಿರಿ. 50 ಹರ್ಟ್ಸಿನ ಗುಂಯ್‌ಗುಡುವಿಕೆ ಸೇರಿಕೊಳ್ಳಬಹುದು.

ಇನ್ನು ನಾವು ತಪ್ಪಿದ ಮುಖ್ಯ ಮಾತು. ಗೇನನ್ನು ಗೊತ್ತುಮಾಡುವಾಗ ಹಾಡಿನ ಅತ್ಯಂತ ಎತ್ತರದ ನುಡಿಯನ್ನೇ ತುಂಬುದನಿಯಲ್ಲಿ ಹಾಡಿಸಿರಿ. ಆಗಲೂ ಮಾಪಕವು ಸೊನ್ನೆಯ ಗೆರೆಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲಲಿ. 24 ಬಿಟ್‌ನಲ್ಲಿ ಮುದ್ರಿಸಿದರೆ ದನಿ ಸಣ್ಣದಾಯಿತೆಂಬ ಭಯ ಬೇಡ, ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಮೊದಲಿನಂತೆ ಕೂಡಿಸುವುದು ಮಾತ್ರ ಆಗದ ಕೆಲಸ. ಏಳುವ ಮುನ್ನ ಹೆಡ್‌ಫೋನಿನಲ್ಲಿ ಒಮ್ಮೆ ಪೂರ್ತಿ ಕೇಳಿರಿ. ಅಂದು ನಾವು ಅಷ್ಟನ್ನು ಮಾಡಿದ್ದರೂ ಸಾಕಿತ್ತು. ಆ ತಾಯಿ ಎದುರಿಗೇ ಇದ್ದರು, ಮತ್ತೊಮ್ಮೆ ಹಾಡುತ್ತಿದ್ದರು.

ಬಂಧುಗಳೇ, ತಮ್ಮ ಮನೆಯಲ್ಲಿಯೂ ಹಾಡುವ ಹಿರಿಯರಿರಬಹುದು. ಉತ್ತಮ ಯಂತ್ರ ಕೊಂಡ ಮೇಲೆ ನೋಡೋಣವೆಂದು ಕಾಯಬೇಡಿರಿ. ಇರುವ ಉಪಕರಣದಿಂದಲೇ, ಎಚ್ಚರದಿಂದ, ಈ ವಾರವೇ ಅವರ ಮುಂದೆ ಕುಳಿತುಕೊಳ್ಳಿರಿ. ಯಂತ್ರ ನಾಳೆಯೂ ದೊರೆಯುತ್ತದೆ, ಕಂಠ ದೊರೆಯದು.