ಕಡಲಂಚಿನ ಸಿಂಬಿ

ನಮ್ಮ ರಾಯಲ್ಪಾಡಿನ ತೋಟದ ಮೋಟಾರಿನ ಪೈಪು ಸೋರತೊಡಗಿದರೆ ಮೆಕ್ಯಾನಿಕ್ ಮೊದಲು ಕೇಳುವುದು ಹಳೇ ಟ್ರಾಕ್ಟರ್ ಟ್ಯೂಬನ್ನು. ಅದನ್ನು ಪೈಪಿನ ತುದಿಯ ಕಬ್ಬಿಣದ ಬಿಲ್ಲೆಯ, ಅಂದರೆ ಫ್ಲಾಂಜಿನ, ಮೇಲೆ ಹರಡಿ, ಸುತ್ತಲೂ ಸುತ್ತಿಗೆಯಿಂದ ತಟ್ಟಿ ಅಚ್ಚು ಮೂಡಿಸಿ, ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ಬೋಲ್ಟಿಗೆ ತೂತು ಹೊಡೆದು ಎರಡು ಕಬ್ಬಿಣದ ನಡುವೆ ಇಡುತ್ತಾನೆ. ನಾವು ಅದಕ್ಕೆ ಪ್ಯಾಕಿಂಗ್ ಅನ್ನುತ್ತೇವೆ. ಮಾರ್ಚಿನಲ್ಲಿ ಅಕ್ಕನ ಮಗ ಫೋನು ಮಾಡಿ, "ಮಾವ, ಕೊಚ್ಚಿಗೆ ಹೋಗ್ತಾ ಇದ್ದೀನಿ, ನೀವೂ ಬನ್ನಿ. ಬರುವಾಗ ಟ್ಯೂಬಿನ ಪ್ಯಾಕಿಂಗ್ ಒಂದು ತನ್ನಿ" ಅಂದಾಗ ನನಗೆ ಏನೂ ಅರ್ಥವಾಗಲಿಲ್ಲ. ಆದರೂ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಆಂಧ್ರದ ಗಡಿಯ ನಮ್ಮೂರಿನಿಂದ ಶ್ರೀನಿವಾಸಪುರದ ಕಡೆಗೆ ಬರುವಾಗ ದಾರಿಯುದ್ದಕ್ಕೂ ಮಾವಿನ ತೋಪುಗಳು, ಕೊಂಬೆ ಕೊಂಬೆಗೂ ಬಟಾಣಿಯಷ್ಟು ಗಾತ್ರದ ಪಿಂದೆ. ಚಿಂತಾಮಣಿ ದಾಟಿ ಬೆಂಗಳೂರು ಸೇರಿ ಪೀಣ್ಯಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹುಡುಗ ಕೆಲಸ ಮಾಡುವುದು ಗ್ಯಾಸ್ಕೆಟ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ. ನಾವು ಪ್ಯಾಕಿಂಗ್ ಅನ್ನುವುದನ್ನೇ ಅಲ್ಲಿ ಗ್ಯಾಸ್ಕೆಟ್ ಅನ್ನುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕೈಚಾಚಿದ: "ಎಲ್ಲಿ, ಕೊಡಿ."

ಒಂದು ಪಾತ್ರೆಯಲ್ಲಿ ದ್ರವ ಸಾರಜನಕ ಹೊಗೆಯಾಡುತ್ತಿತ್ತು. ಸೊನ್ನೆಗಿಂತ 196 ಡಿಗ್ರಿ ಕೆಳಗೆ. ನಮ್ಮ ಪ್ಯಾಕಿಂಗನ್ನು ಇಕ್ಕಳದಲ್ಲಿ ಹಿಡಿದು ಅದರೊಳಗೆ ಇಳಿಸಿದ. ಕೊತಕೊತ ಕುದಿಯುವ ಸದ್ದು, ಆಮೇಲೆ ಮೌನ. ಹೊರಗೆ ತೆಗೆದು ಕಬ್ಬಿಣದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದ. ಇಪ್ಪತ್ತು ವರ್ಷ ಹೊಲದಲ್ಲಿ ಟ್ರಾಕ್ಟರಿನ ಭಾರ ಹೊತ್ತಿದ್ದ ರಬ್ಬರು ಒಡೆದ ಹೆಂಚಿನಂತೆ ಚೂರುಚೂರಾಯಿತು! ಒಂದು ಚೂರನ್ನು ಎತ್ತಿಕೊಳ್ಳಲು ಹೋದ ನನ್ನ ಕೈಯನ್ನು ಅವನು ತಡೆದ. ಸ್ವಲ್ಪ ಹೊತ್ತಿಗೆ ಚೂರುಗಳ ಮೇಲೆ ಬಿಳಿ ಹಿಮ ಕಟ್ಟಿತು, ಕರಗಿತು, ಪ್ರತಿ ಚೂರೂ ಮತ್ತೆ ಮೆತ್ತಗಾಯಿತು. ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ.

ಅವನು ಕೊಚ್ಚಿಗೆ ಒಯ್ಯಲಿದ್ದ ಗ್ಯಾಸ್ಕೆಟ್ಟುಗಳು ಇಂಥದೇ ಚಳಿಯಲ್ಲಿ ನಿಲ್ಲಬೇಕು. ಹಡಗಿನಲ್ಲಿ ಬರುವ ನೈಸರ್ಗಿಕ ಅನಿಲವನ್ನು ದ್ರವ ಮಾಡಲು ಮೈನಸ್ 162 ಡಿಗ್ರಿಗೆ ತಣ್ಣಗಾಗಿಸಬೇಕು. ಆಗ ಅದರ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಪ್ಪರಿಗೆಯ ತುಂಬ ಇದ್ದದ್ದು ಲೋಟಕ್ಕೆ ಇಳಿದಂತೆ. ರಬ್ಬರು ಮೈನಸ್ 70ರ ಆಸುಪಾಸಿನಲ್ಲೇ ಗಾಜಿನಂತಾಗುತ್ತದೆ, ಅದು ಅಲ್ಲಿಗೆ ಹೋಗಲಾರದು. ಹಾಗಾದರೆ ಅಲ್ಲಿ ಎರಡು ಪೈಪು ಕೂಡುವೆಡೆ ಇಡುವುದೇನನ್ನು?

ಅವನು ನನ್ನನ್ನು ಸುತ್ತುವ ಯಂತ್ರದ ಮುಂದೆ ನಿಲ್ಲಿಸಿದ. ಕಾಗದದಷ್ಟು ತೆಳುವಾದ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ, ನಡುವೆ 'ವಿ' ಅಕ್ಷರದಂತೆ ಮಡಿಸಿದ್ದು. ಅದರ ಜತೆಗೇ ಕಪ್ಪು ಗ್ರಾಫೈಟಿನ ಪಟ್ಟಿ. ನಾವು ಪೆನ್ಸಿಲ್ಲಿನಲ್ಲಿ ಬರೆಯುವ ಅದೇ ಗ್ರಾಫೈಟು, ಬಟ್ಟೆಯಂತೆ ಬಾಗುವ ರೂಪದಲ್ಲಿ. ಮೊದಲು ಬರೀ ಸ್ಟೀಲು ಕೆಲವು ಸುತ್ತು, ಅದಕ್ಕೆ ಅಲ್ಲಲ್ಲಿ ಚುಕ್ಕಿ ವೆಲ್ಡಿಂಗು. ಬಳಿಕ ಸ್ಟೀಲು, ಗ್ರಾಫೈಟು, ಸ್ಟೀಲು, ಗ್ರಾಫೈಟು ಎಂದು ಬಿಗಿಯಾಗಿ ಸುತ್ತುತ್ತಾ ಹೋಗಿ ಕೊನೆಗೆ ಮತ್ತೆ ಬರೀ ಸ್ಟೀಲು. ನೋಡುತ್ತಿದ್ದಂತೆ ನನಗೆ ನೆನಪಾದದ್ದು ಅಮ್ಮನ ಸಿಂಬಿ. ಹಳೇ ಸೀರೆಯನ್ನು ಹೀಗೆಯೇ ಸುತ್ತಿ ಸುತ್ತಿ ತಲೆಯ ಮೇಲಿಟ್ಟು ಅದರ ಮೇಲೆ ಬಿಂದಿಗೆ ಕೂರಿಸುತ್ತಿದ್ದಳು. ತಲೆಯೂ ಸಮವಲ್ಲ, ಬಿಂದಿಗೆಯ ತಳವೂ ಸಮವಲ್ಲ. ನಡುವಿನ ಏರುಪೇರನ್ನೆಲ್ಲ ಸಿಂಬಿ ತಾನು ಕುಗ್ಗಿ ತುಂಬುತ್ತಿತ್ತು. ಅವಳು ಹೆಜ್ಜೆ ಹಾಕಿದಂತೆ ಏಳುತ್ತಿತ್ತು, ಕುಗ್ಗುತ್ತಿತ್ತು. ಹುಡುಗನಿಗೆ ಹೇಳಿದೆ. "ಸರಿಯಾಗಿ ಹೇಳಿದಿರಿ ಮಾವ," ಅಂದ, "ಕುಗ್ಗಿದ ಮೇಲೆ ಮತ್ತೆ ಏಳಬೇಕು. ಅದೇ ಮುಖ್ಯ."

ಏಳುವುದು ಯಾಕೆ ಮುಖ್ಯ ಎಂಬುದನ್ನು ಅವನು ರಾತ್ರಿ ರೈಲಿನಲ್ಲಿ ವಿವರಿಸಿದ. ಚಳಿಗೆ ಸ್ಟೀಲು ಕುಗ್ಗುತ್ತದೆ, ಮೈನಸ್ 162ಕ್ಕೆ ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಮೀಟರ್. ತಣ್ಣನೆಯ ದ್ರವ ಪೈಪಿಗೆ ನುಗ್ಗಿದಾಗ ಮೊದಲು ತಣಿಯುವುದು ಫ್ಲಾಂಜು. ಹೊರಗೆ ಗಾಳಿಗಿರುವ ಬೋಲ್ಟು ಇನ್ನೂ ಬೆಚ್ಚಗೇ ಇರುತ್ತದೆ, ತನ್ನ ಉದ್ದ ಬಿಟ್ಟುಕೊಡುವುದಿಲ್ಲ. ಫ್ಲಾಂಜು ತೆಳ್ಳಗಾಯಿತು, ಬೋಲ್ಟು ಹಾಗೇ ಉಳಿಯಿತು, ಹಿಡಿತ ಸಡಿಲವಾಯಿತು. ಆ ಹೊತ್ತಿನಲ್ಲಿ 'ವಿ' ಮಡಿಕೆ ಸ್ಪ್ರಿಂಗಿನಂತೆ ಎದ್ದು ಸಂದನ್ನು ಮುಚ್ಚಬೇಕು. ಅದಕ್ಕೇ ಹೊಸ ಪೈಪಿಗೆ ದ್ರವವನ್ನು ಒಮ್ಮೆಲೇ ಬಿಡುವುದಿಲ್ಲ, ಗಂಟೆಗಟ್ಟಲೆ ಮೆಲ್ಲಮೆಲ್ಲಗೆ ತಣಿಸುತ್ತಾರೆ.

"ಟೆಫ್ಲಾನ್ ಹಾಕಬಹುದಲ್ಲ? ಅದೂ ಚಳಿಗೆ ಒಡೆಯಲ್ಲ ಅಂತಾರೆ," ಎಂದೆ, ನನಗೂ ಒಂದಿಷ್ಟು ಗೊತ್ತು ಎಂಬಂತೆ.

"ಒಡೆಯಲ್ಲ, ನಿಜ. ಆದರೆ ಒತ್ತಿ ಹಿಡಿದರೆ ಬೆಣ್ಣೆ ಹಂಗೆ ಮೆಲ್ಲಗೆ ಜಾರುತ್ತೆ, ಚಳಿಗೆ ಸ್ಟೀಲಿಗಿಂತ ಎಷ್ಟೋ ಪಾಲು ಹೆಚ್ಚು ಕುಗ್ಗುತ್ತೆ. ಅದೂ ಹೋಗಲಿ ಅನ್ನಿ, ಪಕ್ಕದಲ್ಲಿ ಬೆಂಕಿ ಬಿದ್ದರೆ? 327 ಡಿಗ್ರಿಗೆ ಕರಗುತ್ತೆ. ಗ್ರಾಫೈಟು ಚಳಿಗೂ ನಿಲ್ಲುತ್ತೆ, ಬೆಂಕಿಗೂ ನಿಲ್ಲುತ್ತೆ. ಅನಿಲ ಇರೋ ಕಡೆ ಎರಡನ್ನೂ ನೋಡಬೇಕು ಮಾವ."

ಬೋಗಿಯ ಮಂದ ಬೆಳಕಿನಲ್ಲಿ ಅವನು ಡಬ್ಬಿಯಿಂದ ಒಂದು ಗ್ಯಾಸ್ಕೆಟ್ ತೆಗೆದು ನನ್ನ ಅಂಗೈಗೆ ಇಟ್ಟ. ನಾಲ್ಕೂವರೆ ಮಿಲಿಮೀಟರ್ ದಪ್ಪ. ಸುರುಳಿಯ ಒಳಗೂ ಹೊರಗೂ ಒಂದೊಂದು ಸ್ಟೀಲಿನ ಉಂಗುರ. ಹೊರ ಉಂಗುರದ ಅಂಚಿಗೆ ಹಸಿರು ಬಣ್ಣ, ಅದರ ಮೇಲೆ ಅಲ್ಲಲ್ಲಿ ಬೂದು ಗೆರೆ. ಹಸಿರು ಎಂದರೆ ಸುರುಳಿಯ ಸ್ಟೀಲು 316ಎಲ್ ಎಂಬ ದರ್ಜೆಯದು, ಬೂದು ಎಂದರೆ ಗ್ರಾಫೈಟು. ಹಳದಿಯಾಗಿದ್ದರೆ 304, ಬಿಳಿ ಗೆರೆ ಇದ್ದರೆ ಟೆಫ್ಲಾನ್. ಬೋಲ್ಟು ಬಿಗಿಸಿದ ಮೇಲೆ ಗ್ಯಾಸ್ಕೆಟ್ಟಿನ ಮೈ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ತಪಾಸಣೆಗೆ ಬಂದವನು ಅಂಚಿನ ಬಣ್ಣ ನೋಡಿಯೇ ಒಳಗಿರುವುದೇನೆಂದು ಹೇಳಬಲ್ಲ. ಲೋಕವೆಲ್ಲ ಓದುವ ಈ ಬಣ್ಣದ ಲಿಪಿ ನನಗೆ ಬಹಳ ಹಿಡಿಸಿತು.

ಪಾಲಕ್ಕಾಡ್ ಜಿಲ್ಲೆ ದಾಟುವಾಗ ಬೆಳಗಾಗುತ್ತಿತ್ತು. ಹಡಗಿನಲ್ಲಿ ಕೊಚ್ಚಿಗೆ ಬಂದ ದ್ರವ ಮತ್ತೆ ಅನಿಲವಾಗಿ ಹರಿಯುವ ಕೊಳವೆ ಕವಲೊಡೆಯುವುದು ಇದೇ ಜಿಲ್ಲೆಯ ಕೂಟ್ಟನಾಡಿನಲ್ಲಿ. ಒಂದು ಕವಲು ಉತ್ತರಕ್ಕೆ ಚಂದ್ರಗಿರಿ ಹೊಳೆಯನ್ನು ದಾಟಿ, ಕಾಸರಗೋಡಿನ ಕನ್ನಡ ನೆಲವನ್ನು ಹಾದು ಮಂಗಳೂರು ಸೇರುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್. ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಮಂಗಳೂರಿನ ಪಣಂಬೂರಿನಲ್ಲಿರುವ ಎಂಸಿಎಫ್ ಗೊಬ್ಬರ ಕಾರ್ಖಾನೆ ಅದಕ್ಕೂ ಮುಂಚೆ, 2020ರ ಡಿಸೆಂಬರಿನಲ್ಲೇ ನಾಫ್ತಾ ಬಿಟ್ಟು ಈ ಅನಿಲಕ್ಕೆ ಬದಲಾಯಿತು. ಅನಿಲದಿಂದ ಜಲಜನಕ, ಜಲಜನಕದಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. ನಾವು ಟೊಮೆಟೊಗೆ ಹಾಕುತ್ತಿದ್ದ 'ಮಂಗಳ' ಯೂರಿಯಾ ಆ ಕಾರ್ಖಾನೆಯದೇ. ಈಗ ಚೀಲದ ಮೇಲೆ ದೊಡ್ಡದಾಗಿ ಭಾರತ್ ಯೂರಿಯಾ ಎಂದಿರುತ್ತದೆ, ಕಂಪನಿಯ ಹೆಸರು ಸಣ್ಣಕ್ಷರದಲ್ಲಿ. ಕಡಲಾಚೆಯಿಂದ ಚಳಿಯಲ್ಲಿ ಬಂದದ್ದು ನಮ್ಮ ಬದುವಿನವರೆಗೆ ಬರುವ ದಾರಿ ಹೀಗಿದೆ ಎಂದು ನನಗೆ ತಿಳಿದದ್ದು ಆ ಕಿಟಕಿಯ ಬಳಿ ಕೂತಾಗ.

ಫೋರ್ಟ್ ಕೊಚ್ಚಿಯಿಂದ ವಾಹನಗಳನ್ನೂ ಒಯ್ಯುವ ರೋ-ರೋ ದೋಣಿಯಲ್ಲಿ ವೈಪಿನ್ ದ್ವೀಪಕ್ಕೆ ದಾಟಿದೆವು. ಪುದುವೈಪಿನ ಮರಳ ದಂಡೆಯ ಆಚೆ, ಬೇಲಿಯೊಳಗೆ ಎರಡು ಭಾರೀ ಗುಮ್ಮಟಗಳು. ಹಡಗಿನಿಂದ ದ್ರವ ಅನಿಲ ಇಳಿಸಿಕೊಳ್ಳುವ ಪೆಟ್ರೊನೆಟ್ ಟರ್ಮಿನಲ್‌ನ ತೊಟ್ಟಿಗಳವು, ಒಂದೊಂದರಲ್ಲೂ ಒಂದೂವರೆ ಲಕ್ಷ ಘನಮೀಟರಿಗೂ ಮಿಕ್ಕಿ ದ್ರವ ಹಿಡಿಯುತ್ತದೆ. ಹೊರಗೆ ಕಾಂಕ್ರೀಟು, ಒಳಗೆ ಶೇ. 9 ನಿಕ್ಕಲ್ ಬೆರೆತ ಉಕ್ಕು, ನಡುವೆ ಪರ್ಲೈಟ್ ಎಂಬ ಹಗುರ ಪುಡಿ. ನಿಕ್ಕಲ್ ಇಷ್ಟು ಯಾಕೆ ಎಂಬುದಕ್ಕೆ ನೋವಿನ ಉತ್ತರವಿದೆ. 1944ರ ಅಕ್ಟೋಬರ್ 20ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಶೇ. 3.5 ಮಾತ್ರ ನಿಕ್ಕಲ್ ಇದ್ದ ಉಕ್ಕಿನ ತೊಟ್ಟಿ ಒಡೆದು, ದ್ರವ ಅನಿಲ ಬೀದಿಗೆ ಹರಿದು ಹೊತ್ತಿಕೊಂಡು 130 ಜನ ಸತ್ತರು.

ಹುಡುಗ ಡಬ್ಬಿಗಳನ್ನು ಗಿರಾಕಿಗೆ ಒಪ್ಪಿಸಲು ಹೋದ. ನಾನು ದಂಡೆಯಲ್ಲೇ ಕೂತೆ. ಈ ಟರ್ಮಿನಲ್ ಶುರುವಾದದ್ದು 2013ರಲ್ಲಿ. ಅನಿಲ ಹೊರಗೆ ಹೋಗಲು ಕೊಳವೆ ಇಲ್ಲದೆ ವರ್ಷಗಟ್ಟಲೆ ಬಹುಪಾಲು ಖಾಲಿಯೇ ಇತ್ತು. ಅಲೆಯ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ, ಯಾವ ವಾಸನೆಯೂ ಇರಲಿಲ್ಲ. ಇಲ್ಲಿ ಮೂವತ್ತು ಡಿಗ್ರಿ ಬಿಸಿಲು, ಕಣ್ಣಳತೆಯಲ್ಲಿ ಮೈನಸ್ 162. ಎರಡು ಲೋಕಗಳು ಒಂದನ್ನೊಂದು ಮುಟ್ಟದಂತೆ ತಡೆದಿರುವ ಕೆಲಸದಲ್ಲಿ, ಪೈಪು ಪೈಪು ಕೂಡುವೆಡೆ, ಬೆರಳ ದಪ್ಪವೂ ಇಲ್ಲದ ಈ ಸಿಂಬಿಯ ಪಾಲೂ ಇದೆ. ಕೈ ಮುಗಿಯಬೇಕೆನಿಸಿತು, ಮುಗಿದೆ.

ಹಿಂದಿರುಗುವಾಗ ಕೇಳಿದೆ, ನಮ್ಮ ಮೋಟಾರಿಗೂ ಇಂಥದೇ ಒಂದು ಹಾಕಿಸಲೇ ಎಂದು. ಅವನು ತಲೆಯಾಡಿಸಿದ. "ಬೇಡ ಮಾವ. ಇದನ್ನು ಕುಗ್ಗಿಸೋಕೆ ಬೇಕಾದಷ್ಟು ಬಿಗಿ ನಿಮ್ಮ ಬೋಲ್ಟು ತಡೆಯಲ್ಲ. ನಿಮ್ಮ ನೀರಿಗೆ ರಬ್ಬರೇ ಸರಿ. ಆದರೆ ಒಂದ್ಸಲ ಬಿಚ್ಚಿದ್ದನ್ನ ಮತ್ತೆ ಹಾಕಬೇಡಿ. ಬೋಲ್ಟನ್ನ ಸಾಲಾಗಿ ಬಿಗಿಸಬೇಡಿ, ಎದುರುಬದುರು ಬಿಗಿಸಿ. ಒಂದೇ ಸಲಕ್ಕೆ ಬೇಡ, ಮೂರು ಸುತ್ತು."

ಊರಿಗೆ ಬಂದ ಮಾರನೇ ದಿನ ಮೆಕ್ಯಾನಿಕ್ಕನ್ನು ಕರೆಸಿ, ಹೊಸ ರಬ್ಬರ್ ಶೀಟಿನಲ್ಲಿ ಪ್ಯಾಕಿಂಗ್ ಕತ್ತರಿಸಿ, ಎದುರುಬದುರಾಗಿ ಮೂರು ಸುತ್ತು ಬಿಗಿಸಿದೆವು. ಮೋಟಾರು ಹಾಕಿ ಸಂಜೆಯವರೆಗೆ ನೋಡಿದೆ. ಫ್ಲಾಂಜಿನ ಕೆಳಗಿನ ಮಣ್ಣು ಒಣಗಿಯೇ ಇತ್ತು.