ಸಣ್ಣ ಟ್ಯಾಬು, ಅವ್ವನ ಕಣ್ಣು, ನಮ್ಮ ಹಿಸಾಬು

ನಮ್ಮ ಕಡಿ ಹೆಣ್ಮಕ್ಕಳು ಒಂದು ಕುಕ್ಕರ್ ತಗೋಬೇಕಂದ್ರ ನಾಕು ದುಕಾನ ತಿರಗ್ತೀವಿ. ಮುಚ್ಚಳ ಒಳಗಿಂದೋ ಹೊರಗಿಂದೋ, ರಬ್ಬರ್ ಬೀದರದಾಗ ಸಿಗ್ತದೋ ಇಲ್ಲೋ, ತಳ ಜಾಡದೋ ತೆಳುವೋ, ಎಲ್ಲಾ ಕೇಳ್ತೀವಿ. ಅದೇ ಮೊಬೈಲು, ಟ್ಯಾಬು ಅಂತ ಬಂದ್ರ ಮಾತ್ರ "ನಮಗೇನು ತಿಳೀತದ, ಹುಡುಗರು ನೋಡ್ಕೋತಾರ" ಅಂತ ಸುಮ್ಮ ಕೂಡ್ತೀವಿ. ಕುಕ್ಕರಿಗೆ ಎರಡು ಸಾವಿರ, ಟ್ಯಾಬಿಗೆ ಐವತ್ತು ಸಾವಿರ. ಯಾವುದಕ್ಕ ಹೆಚ್ಚು ಕೇಳಬೇಕು, ನೀವೇ ಹೇಳ್ರಿ. ಅದಕ್ಕ ಈ ಸಲ ನಾನೇ ಕೇಳ್ದೆ. ಎರಡು ತಿಂಗಳು ಕೇಳ್ದೆ. ತಿಳಿದದ್ದು ನಿಮಗೂ ಉಪಯೋಗ ಆಗ್ಲಿ ಅಂತ ಬರೀಲತ್ತೀನಿ.

ಟ್ಯಾಬು ಬೇಕಾಗಿದ್ದು ನನಗಲ್ಲ, ಔರಾದದಾಗಿರೋ ನಮ್ಮ ಅವ್ವಗ. ಅಕಿಗೀಗ ಎಂಬತ್ತೊಂದು. ಎರಡೂ ಕಣ್ಣಿಂದು ಮೋತಿಬಿಂದು ಆಪರೇಷನ್ ಆಗ್ಯದ. ಆದ್ರ ಕಣ್ಣಿನ ಒಳಗಿನ ಪರದೆ ವಯಸ್ಸಿಗೆ ಸವೆದದ ಅಂತ ಡಾಕ್ಟರ್ ಹೇಳ್ಯಾರ. ನಡುವಿಂದು ಮಬ್ಬು, ಸುತ್ತಿಂದು ಕಾಣ್ತದ. ಬಾಗಲದಾಗ ಯಾರೋ ನಿಂತಾರ ಅಂತ ಗೊತ್ತಾಗ್ತದ, ಮಾರಿ ಗುರ್ತು ಹತ್ತಂಗಿಲ್ಲ. ಚಷ್ಮಾದ ನಂಬರ್ ಎಷ್ಟು ಬದಲಿಸಿದ್ರೂ ಫಾಯ್ದಾ ಇಲ್ಲ, ಅಕ್ಷರ ದೊಡ್ಡದು ಮಾಡ್ಕೊಂಡು, ಬೆಳಕ ಹೆಚ್ಚಿಟ್ಕೊಂಡು ಓದ್ಬೇಕು ಅಂದ್ರು.

ಅವ್ವನ ಓದು ಅಂದ್ರ ನಮ್ಮನ್ಯಾಗ ಸಣ್ಣ ಮಾತಲ್ಲ. ಅಕಿ ತವರು ಭಾಲ್ಕಿ. ಅಕ್ಷರ ಕಲ್ತಿದ್ದು 1950ರ ಆಸುಪಾಸು, ಅಂದ್ರ ನಿಜಾಮನ ರಾಜ್ಯ ಹೋಗಿ ಎರಡು ವರ್ಷಕ್ಕ. ಅದರ ಹಿಂದ ನಮ್ಮ ಕಡಿ ಸಾಲಿ ಅಂದ್ರ ಉರ್ದು ಸಾಲಿನೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದ್ದು ನಿಮಗೆಲ್ಲಾ ಗೊತ್ತೇ ಅದ. ನಮ್ಮ ಅಜ್ಜ ಆ ಕಾಲದಾಗ ಕನ್ನಡ ಕಲ್ತವ. ಹೆಣ್ಣು ಮಗಳಾದ್ರೂ ಓದ್ಲಿ ಅಂತ ಅವ್ವಗ ನಾಲ್ಕನೇತ್ತಾ ತನಕ ಸಾಲಿಗೆ ಕಳಿಸ್ದ. ಆಮ್ಯಾಲ ಲಗ್ನ ಆಗಿ ಔರಾದಕ್ಕ ಬಂದ್ಳು. ಓಣ್ಯಾಗ ಮರಾಠಿ, ಬಾಜಾರದಾಗ ಹಿಂದಿ. ಆದ್ರ ಮಧ್ಯಾಹ್ನ ಉಂಡ ಭಾಂಡಿ ತೊಳದ ಮ್ಯಾಲ ಅರ್ಧ ತಾಸು ಅಕಿ ಕನ್ನಡ ಓದು ತಪ್ಪಿದ್ದಿಲ್ಲ. ಪೇಪರ್ ಇದ್ರ ಪೇಪರ್, ಇಲ್ಲಂದ್ರ ವಚನದ ಪುಸ್ತಕ. ಕೂಸುಗಳ ತೊಟ್ಲಾ ಕಾಲಿಂದ ತೂಗ್ಕೋತ ಓದಿದಾಕಿ.

ಈಗ ಒಂದೂವರೆ ವರ್ಷ ಆಯ್ತು, ಓದು ನಿಂತದ. ಪುಸ್ತಕ ತೊಡಿ ಮ್ಯಾಲ ಇಟ್ಕೊಂಡು ಕೂಡ್ತಾಳ, ಹಾಳಿ ತಿರುವ್ತಾಳ, ಅಷ್ಟೇ. ಯಾರಿಗಾರ ಓದಿ ಹೇಳ್ರಿ ಅಂದ್ರ ಯಾರಿಗದ ಪುರುಸೊತ್ತು? ನಮ್ಮ ವೈನಿ ಫೋನಿನಾಗ ಹೇಳಿದ್ಲು, "ಅತ್ತಿ ಜಗಳ ಮಾಡಿದ್ರ ಚಂದಿತ್ತು ನೋಡ್ರಿ, ಈಗ ಕರದ್ರ ಹಾಂ ಅಂತಾರ, ಮತ್ತ ಸುಮ್ಮ." ಆ ಮಾತಿಗೆ ನನಗ ರಾತ್ರಿ ನಿದ್ದಿ ಬರ್ಲಿಲ್ಲ.

ಪುಣೇದಾಗಿರೋ ನನ್ನ ಮಗ ಇದು ಕೇಳಿ ತಕ್ಷಣ ಅಂದ, "ಅವ್ವಾ, ಅಜ್ಜಿಗೆ ಐಪ್ಯಾಡ್ ಮಿನಿ ಕೊಡಸ್ತೀನಿ, ಹೊಸಾದು ಬಂದದ." ಮಿನಿ ಅಂಬೋದು 2012ರಾಗ ಮೊದಲ ಬಂದಿತ್ತಂತ. ನಡುವ 2021ರಾಗ ಪುರಾ ರೂಪ ಬದಲಿ ಮಾಡಿದ್ರು. ಅವ ಹೇಳೋ ಹೊಸಾದು 2024ರ ಅಕ್ಟೋಬರದ್ದು. ಮ್ಯಾಲಿಂದ ನೋಡಿದ್ರ ಎರಡಕ್ಕೂ ಫರಕ್ ಇಲ್ಲ. ಅದೇ 8.3 ಇಂಚಿನ ಪರದೆ, ಅದೇ 293 ಗ್ರಾಂ ತೂಕ. ಪಾವ್ ಕಿಲೋ ಪೇಡೆಕ್ಕಿಂತ ಜರಾ ಹೆಚ್ಚು. ಬದಲಾಗಿದ್ದು ಒಳಗಿಂದು. ಓಡೋ ಚಿಪ್ಪು ಹೊಸಾದು, ಜಾಗ 64 ಜಿಬಿ ಇದ್ದದ್ದು 128 ಆಗ್ಯದ, ಹೊಸಾ ಪೆನ್ಸಿಲ್ ನಡೀತದ. ಕಿಮ್ಮತ್ತು ಬಂದಾಗ ವೈಫೈದು 49,900, ಸಿಮ್ ನೆಟ್ಟಿಂದು 64,900 ಇತ್ತು.

ಇನ್ನೊಂದು ಕಡಿ ಭಾಲ್ಕಿ ನಾದಿನಿ ಮಗನ ಹತ್ರ ಸ್ಯಾಮ್‌ಸಂಗಿನ ಸಣ್ಣ ಟ್ಯಾಬ್ ಎ9 ಅದ. 8.7 ಇಂಚು, 332 ಗ್ರಾಂ. 2023ರಾಗ ಬಂದಾಗ ವೈಫೈದು 12,999. ಅದರದೇ ಹೊಸಾ ತಂಗಿ ಎ11 ಅಂತ 2025ರಾಗ ಬಂದದ. ಸೈಜು ಅದೇ, ಪರದೆ ಸರಿಸಿದ್ರ ಇನ್ನೂ ನಯವಾಗಿ ಸರೀತದ, ಮುಂದಿನ ಕ್ಯಾಮೆರಾ ಜರಾ ಸುಧಾರಿಸ್ಯದ. ಸುರುವಿನ ಕಿಮ್ಮತ್ತು ಹತ್ರಾ ಹತ್ರಾ ಅಷ್ಟೇ. ಸಿಮ್ ಹಾಕೋದು ಬೇಕಂದ್ರ ಬಂದಾಗ ಹದಿನಾರು ಸಾವಿರದ ಆಸುಪಾಸು ಇತ್ತು.

ಕಣ್ಣಿನ ತಪಾಸಣಿಗೆ ಅಂತ ಅವ್ವ ಎಂಟು ದಿನ ಬೀದರಕ್ಕ ನಮ್ಮನಿಗೆ ಬಂದಿದ್ಲು. ಪಕ್ಕದ ಮನಿ ಹುಡುಗಿ ಡಾಕ್ಟರಕಿ ಓದ್ಲತ್ತಾಳ, ಅಕಿ ಹತ್ರ ಹೊಸಾ ಮಿನಿ ಅದ. ನಾದಿನಿ ಮಗನೂ ತಂದು ಎ9 ಕೊಟ್ಟ. ಎರಡೂ ಅವ್ವನ ಮುಂದಿಟ್ಟು, ಒಂದೊಂದೇ ನೋಡ್ಕೋತ ಹೋದ್ವಿ.

ಮೊದಲ ಅಕ್ಷರ. ಮಿನಿ ಪರದೆ ಕನ್ನಡಿ ಇದ್ದಂಗ, ಒತ್ತಕ್ಷರ ಸುದ್ದಾ ಕೊರದಂಗ ಕಾಣ್ತದ. ಸ್ಯಾಮ್‌ಸಂಗಿಂದು ಅಷ್ಟು ಚೊಕ್ಕಟ ಇಲ್ಲ. ನಮ್ಮ ಕಣ್ಣಿಗೆ ಫರಕ್ ಕಂಡಿತು. ಆದ್ರ ಅವ್ವ ಓದೋ ಹಂಗ ಮಾಡ್ಬೇಕಂದ್ರ ಒಂದು ಸಾಲಿಗೆ ಮೂರ್ನಾಕು ಶಬ್ದ ಬರೋವಷ್ಟು ಅಕ್ಷರ ದೊಡ್ಡದು ಮಾಡ್ಬೇಕಾಯ್ತು. ಅಷ್ಟು ದೊಡ್ಡದು ಮಾಡಿದ ಮ್ಯಾಲ ಅಕಿಗೆ ಎರಡೂ ಒಂದೇ. ಸಣ್ಣ ಅಕ್ಷರ ಓದಾವ್ರಿಗೆ ಚೊಕ್ಕಟ ಪರದೆ ಬೇಕು, ಬೆರಳಿನಷ್ಟು ದೊಡ್ಡ ಅಕ್ಷರಕ್ಕ ಬ್ಯಾಡ. ಅಕಿಗೆ ಭಾಳ ಹಿಡಿಸಿದ್ದು ಕಪ್ಪು ಪರದೆ ಮ್ಯಾಲ ಬಿಳಿ ಅಕ್ಷರ. "ಪಾಟಿ ಮ್ಯಾಲ ಬಳಪದಾಗ ಬರದಂಗ ಅದ" ಅಂದ್ಳು. ಅದು ಎರಡರಾಗೂ ಆಗ್ತದ.

ಇಲ್ಲೇ ಒಂದು ಕೆಲಸದ ಮಾತು ಹೇಳ್ತೀನಿ. ಹಳೇ ಪುಸ್ತಕದ ಫೋಟೋ ತೆಗೆದು ಹಾಕಿದ ಪಿಡಿಎಫ್ ಅವಲ್ಲ, ಅವು ದೊಡ್ಡದು ಮಾಡಿದ್ರ ಸಾಲು ಪರದೆ ಹೊರಗ ಹೋಗ್ತಾವ. ಒಂದು ಸಾಲಿಗೆ ಎರಡು ಸಲ ಆಕಡಿ ಈಕಡಿ ಸರಿಸ್ಬೇಕು. ಅವ್ವ ಎರಡೇ ನಿಮಿಷಕ್ಕ ಬ್ಯಾಸತ್ತು ಇಟ್ಟಳು. ಅದೇ ಟೈಪ್ ಮಾಡಿ ಹಾಕಿದ ಕನ್ನಡ ಇತ್ತಂದ್ರ ಅಕ್ಷರ ದೊಡ್ಡದಾದಂಗ ಸಾಲು ತಾನೇ ಕೆಳಗ ಇಳೀತದ. ವಚನ ಸಂಚಯ ಅಂತದ, ಅದರಾಗ ಇಪ್ಪತ್ತು ಸಾವಿರದ ಮ್ಯಾಲ ವಚನ ಹಂಗ ಟೈಪ್ ಮಾಡಿ ಇಟ್ಟಾರ, ರೊಕ್ಕ ಇಲ್ಲ. ಅದರಾಗ ಅವ್ವ ಒಂದು ವಚನ ತಾನೇ ತಾ ಓದಿದ್ಲು. ಪುರಾ ನಾಕು ನಿಮಿಷ ಹಿಡೀತು. ಬೆರಳು ಇಟ್ಟು, ತುಟಿ ಅಲ್ಲಾಡಿಸ್ಕೋತ. ನಾವು ಯಾರೂ ಮಾತಾಡ್ಲಿಲ್ಲ.

ಎರಡನೇದು ನೆಟ್ಟು. ಔರಾದದಾಗ ನಮ್ಮ ಅಣ್ಣನ ಮನ್ಯಾಗ ವೈಫೈ ಇಲ್ಲ. ಅಣ್ಣ ಹೊಲಕ್ಕ ಹೋದ್ರ ಅವನ ಮೊಬೈಲ್ ನೆಟ್ಟೂ ಅವನ ಸಂಗಟೇ ಹೋಗ್ತದ. ಹಿಂಗಾಗಿ ಸಿಮ್ ಇರೋದೇ ಬೇಕು. ಹೊಸಾ ಮಿನಿದಾಗ ಸಿಮ್ ಹಾಕೋ ಜಾಗಾನೇ ಇಲ್ಲ, ಒಳಗಿಂದೇ ಚಾಲೂ ಮಾಡೋ ಇ-ಸಿಮ್ ಒಂದೇ. ಕಂಪನಿ ಬದಲಿಸ್ಬೇಕಾದ್ರ ಪ್ರತಿ ಸಲ ಗೊತ್ತಿರೋ ಹುಡುಗರ ಕೈಕಾಲು ಹಿಡೀಬೇಕು. ಸ್ಯಾಮ್‌ಸಂಗಿಗೆ ಸಾದಾ ಸಿಮ್ ಹಾಕಿದ್ರ ಮುಗೀತು. ಮೆಮೊರಿ ಕಾರ್ಡೂ ಹಾಕ್ಬಹುದು, ಇಯರ್‌ಫೋನ್ ತೂತೂ ಅದ. ಮಿನಿಗೆ ಈ ಎರಡೂ ಇಲ್ಲ.

ಮೂರನೇದು ಬೀಗ. ಮಿನಿ ಮ್ಯಾಲಿನ ಗುಂಡಿ ಮ್ಯಾಲ ಬೆರಳಿಟ್ರ ತೆರೀತದ. ಪಕ್ಕದ ಹುಡುಗಿ ಅವ್ವನ ಹೆಬ್ಬಟ್ಟು ಸೇರಿಸ್ಲಾಕ ಎಷ್ಟು ಕಷ್ಟಪಟ್ಟಳು, ಆಗ್ಲಿಲ್ಲ. ಅರವತ್ತು ವರ್ಷ ಜೋಳದ ರೊಟ್ಟಿ ಬಡದ ಕೈ ಅದು, ಗೆರಿ ಎಲ್ಲಿ ಉಳೀತಾವ? ರೇಷನ್ ಅಂಗಡ್ಯಾಗೂ ಅಕಿದು ಇದೇ ಗೋಳು. ಅವ್ವನ ಟ್ಯಾಬಿಗೆ ಬೀಗ ಬ್ಯಾಡ, ಬ್ಯಾಂಕಿಂದು ಏನೂ ಅದರಾಗ ಹಾಕ್ಬಾರ್ದು ಅಂತ ಅಲ್ಲೇ ಪಕ್ಕಾ ಮಾಡಿದ್ವಿ.

ಈಗ ಮಿನಿ ಕಡಿಂದೂ ಹೇಳ್ಬೇಕು, ಇಲ್ಲಂದ್ರ ತಕ್ಕಡಿ ಬರಾಬರಿ ಆಗಂಗಿಲ್ಲ. ಮುಟ್ಟಿದ ಕೂಡ್ಲೇ ತೆರೀತದ. ಎ9 ಜರಾ ಯೋಚನಿ ಮಾಡಿ ತೆರೀತದ. ನಮಗ ಅದು ಏನೂ ಅನಿಸಂಗಿಲ್ಲ. ಮುದುಕರಿಗೆ ಅನಸ್ತದ. ತೆರೀಲಿಲ್ಲಂತ ಅವ್ವ ಮತ್ತೊಮ್ಮೆ ಒತ್ತತಾಳ, ಇನ್ನೊಮ್ಮೆ ಒತ್ತತಾಳ, ಅಷ್ಟರಾಗ ಅದು ಎಲ್ಲೋ ಹೋಗಿ ನಿಂದರ್ತದ. "ನನಗ ಬರಂಗಿಲ್ಲ ಬಿಡು" ಅಂತ ಕೈ ಹಿಂದ ತಗೊಂಡಳು. ಈ ಒಂದು ಮಾತಿನಾಗ ಮಿನಿ ಗೆಲ್ತದ. ಇನ್ನ ಬಾಳಿಕಿ. 2015ರ ಮಿನಿಗೆ 2021ರ ತನಕ ಕಂಪನಿ ಹೊಸ ಹೊಸ ಸುಧಾರಣಿ ಕೊಟ್ಟದಂತ. ಭಾಳ ವರ್ಷ ಇಟ್ಕೊಂಡು, ಪುಸ್ತಕ ಓದಿ, ಪೆನ್ಸಿಲಿನಾಗ ಬರಕೊಂಡು ಅಭ್ಯಾಸ ಮಾಡೋ ಪಕ್ಕದ ಮನಿ ಹುಡುಗಿಗೆ ಮಿನಿ ಬರಾಬರಿನೇ ಅದ. ಆದ್ರ ಅವ್ವನ ಕೈದಾಗಿಂದು ಒಮ್ಮೆ ಫರ್ಸಿ ಮ್ಯಾಲ ಬಿದ್ದು ಪರದೆ ಒಡೀತಂದ್ರ, ಅದು ಹಾಕ್ಸೋ ಖರ್ಚಿನಾಗ ಸಣ್ಣ ಸ್ಯಾಮ್‌ಸಂಗ್ ಒಂದು ಹೊಸಾದೇ ಬರ್ತದ. ಅಂಥಾ ಸಾಮಾನು ಮುದುಕರ ಕೈಗೆ ಕೊಟ್ರ, "ಜ್ವಾಕಿ, ಜ್ವಾಕಿ" ಅನ್ನಾವ್ರು ಮನಿ ತುಂಬ ಆಗ್ತಾರ. ಹೆದರಿ ಮುಟ್ಟದೇ ಇದ್ರ ಎಷ್ಟು ಚಲೋದಿದ್ರೇನು?

ಟ್ಯಾಬು ತಾನೇ ಕನ್ನಡ ಓದಿ ಹೇಳ್ತದ, ಅದೂ ಹಚ್ಚಿ ತೋರಿಸ್ದೆವು. ಅವ್ವ ನಕ್ಕಳು. "ಪೋಸ್ಟಿನಂವ ತಾರ ಓದ್ದಂಗ ಓದ್ತದ" ಅಂದ್ಳು. ಆಮ್ಯಾಲ ಅಂದ್ಳು, "ನಾ ಓದಿದ್ರ ಬೇಕಾದಲ್ಲಿ ನಿಂದರ್ತೀನಿ. ಇದು ನಿಂದ್ರಂಗಿಲ್ಲ." ಮುಂದ ಕಣ್ಣು ಇನ್ನೂ ಮಂದ ಆದ್ರ ಅದೇ ಗತಿ ಅಂತ ನನಗ ಗೊತ್ತದ, ಅಕಿಗೂ ಗೊತ್ತದ. ಅದಕ್ಕೇ ಈಗ ಕಾಣೋ ತನಕ ತಾನೇ ಓದ್ಲಿ ಅಂತ ನನ್ನ ಅವಸರ.

ಎಲ್ಲಾಕ್ಕಿಂತ ದೊಡ್ಡ ಮಾತು ಯಾವ ಅಂಗಡ್ಯಾಗೂ ಯಾರೂ ಹೇಳಂಗಿಲ್ಲ. ಮಗಳು ಸಾಮಾನು ಕೊಡಿಸಿ ಹೋಗ್ತಾಳ, ಸಂಭಾಳಿಸಾಕಿ ಸೊಸಿ. ಚಾರ್ಜಿಗೆ ಹಚ್ಚೋದು, ರೀಚಾರ್ಜ್ ನೋಡೋದು, "ಇದೇನು ಬಂತು ನೋಡವ್ವಾ" ಅಂದಾಗ ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಓಡಿ ಬರೋದು, ಎಲ್ಲಾ ನಮ್ಮ ವೈನಿ ಪಾಲಿಗೇ. ಈಗೇ ಅಕಿಗೆ ಎಮ್ಮಿ, ಹೊಲದಾವ್ರ ಬುತ್ತಿ, ಅತ್ತಿ ಔಷಧ. ಊರವ್ರ ಕಣ್ಣಿಗೆ ಮಗಳು ಟ್ಯಾಬು ಕೊಡಿಸಿದಾಕಿ ಆಗ್ತಾಳ, ಸೊಸಿ ಮಾಡಿದ್ದು ಯಾರಿಗೂ ಕಾಣಂಗಿಲ್ಲ. ಇದು ನಾ ಸೊಸಿ ಆಗಿ ಭಾಲ್ಕಿದಾಗ ಮೂವತ್ತು ವರ್ಷದ ಹಿಂದ ಕಂಡಿದ್ದೇ. ನಾದಿನಿ ತಂದು ಕೊಟ್ಟ ಮಿಕ್ಸರ್ ತೊಳೆದಾಕಿ ನಾನೇ.

ಅದಕ್ಕ ತಗೊಳ್ಳೋಕಿಂತ ಮೊದಲ ಔರಾದಕ್ಕ ಹೋದೆ. ಶಕ್ತಿ ಬಸ್ಸು, ಹೋಗಿ ಬರೋ ಖರ್ಚೂ ಇಲ್ಲ. ವೈನಿಗೆ ಕೂಡಿಸಿ ಕೇಳ್ದೆ, "ನಿಮಗಿದು ಭಾರ ಆಗ್ತದೇನ್ರಿ?" ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು, "ಭಾರ ಆಗ್ತದ ವೈನೀ. ಆದ್ರ ಅವರು ಸುಮ್ಮ ಕೂಡೋದು ನೋಡೋ ಭಾರ ಇದಕ್ಕಿಂತ ಜಾಸ್ತಿ ಅದ." ಆಮ್ಯಾಲ ಇಬ್ಬರೂ ಕೂಡಿ ಠರಾವು ಮಾಡಿದ್ವಿ. ರೀಚಾರ್ಜ್ ನನ್ನದು. ಮಧ್ಯಾಹ್ನ ಅವ್ವನ ಕೈದಾಗ, ರಾತ್ರಿ ಒಂಬತ್ತರ ಮ್ಯಾಲ ವೈನಿ ಕೈದಾಗ, ಸೀರಿಯಲ್ ನೋಡ್ಲಿ, ತವರಿಗೆ ವಿಡಿಯೋ ಕಾಲ್ ಮಾಡ್ಲಿ. ಹುಡುಗರ ಗೇಮು ಅದರಾಗ ಹಾಕಂಗಿಲ್ಲ. ಇದನ್ನ ಅಣ್ಣನ ಮುಂದ, ಹುಡುಗರ ಮುಂದ ಹೇಳೇ ಬಂದೀನಿ.

ರೊಕ್ಕದ ಹಿಸಾಬು ಹಿಂಗ. ಸಿಮ್ ಹಾಕೋ ಎ11 ತಗೊಳ್ಳೋದು ಅಂತ ಮಾಡೀವಿ, ಜರಾ ಹೆಚ್ಚಾದ್ರೂ ರ‍್ಯಾಮ್ ಜಾಸ್ತಿ ಇರೋದು. ಯಾಕಂದ್ರ ತಡಾ ಆಗೋದೇ ಅವ್ವಗ ಅಡ್ಡ ಬಂದಿದ್ದು. ಮ್ಯಾಲ ಒಂದು ದಪ್ಪ ರಬ್ಬರ್ ಕವರು, ನಿಂದ್ರಿಸ್ಲಾಕ ಒಂದು ಸ್ಟ್ಯಾಂಡು, ಕಾಜಿನ ಮ್ಯಾಲಿನ ಕಾಜು. ಗೃಹಲಕ್ಷ್ಮಿದು ತಿಂಗಳಿಗೆ ಎರಡು ಸಾವಿರದಂಗ ಎಂಟು ಕಂತು ನಾ ಮುಟ್ಟದೇ ಇಟ್ಟೀನಿ, ಹದಿನಾರು ಸಾವಿರ. ಕಡಿಮಿ ಬಿದ್ದದ್ದು ಮಗ ಹಾಕ್ತಾನ.

ಮಗಗ ಮೊದಲ ಬ್ಯಾಸರಾಯ್ತು. "ಅಜ್ಜಿಗೆ ಸಸ್ತಾದ್ದು ಯಾಕ?" ಅಂದ. ನಾ ಅಂದೆ, ಸಸ್ತಾ ಅಂತಲ್ಲಪ್ಪಾ, ಅಕಿ ಕಣ್ಣಿಗೆ, ಅಕಿ ಕೈಗೆ, ಅಕಿ ಮನಿಗೆ ಹೊಂದೋದು ತಗೊಂಡೀವಿ. ಉಳದ ರೊಕ್ಕದಾಗ ನೀ ನಾಕು ದಿನ ಸೂಟಿ ಹಾಕಿ ಔರಾದದಾಗ ಅಜ್ಜಿ ಬಾಜು ಕೂಡು. ದಿನಾ ಒಂದೇ ಪಾಠ ಹೇಳ್ಕೊಡು. ಮೊದಲನೇ ದಿನ ತೆರಿಯೋದು, ಎರಡನೇ ದಿನ ಅಕ್ಷರ ದೊಡ್ಡದು ಮಾಡೋದು, ಮೂರನೇ ದಿನ ಹಾಳಿ ಸರಿಸೋದು. ನಾಕನೇ ದಿನ ಏನೂ ಹೇಳ್ಕೊಡಬ್ಯಾಡ, ಅಕಿ ಮಾಡೋದು ನೋಡ್ಕೋತ ಕೂಡು. ಮಾರ್ಚಿನಾಗ ಬರ್ತೀನಂದಾನ. ಅದಕ್ಕಿಂತ ಮೊದಲೇ ಬಾ, ಅಜ್ಜಿ ಕಣ್ಣು ಮಾರ್ಚ್ ತನಕ ನಿನ್ನ ಕಾಯಂಗಿಲ್ಲ ಅಂತ ಹೇಳೀನಿ. ಸಂಕ್ರಾಂತಿಗೆ ನೋಡ್ತೀನಂದ.